ಆಸ್ಪತ್ರೆ ಎಷ್ಟು ದೂರವಿದ್ದರೆ ನ್ಯಾಯ?

ಸರ್ಕಾರದ ಹಣದಲ್ಲಿ ನಡೆಯುವ ಆರೋಗ್ಯ ಯೋಜನೆಯೊಂದು ಎರಡು ತೀರ್ಮಾನಗಳ ಮೇಲೆ ನಿಂತಿರುತ್ತದೆ. ಯಾವ ಚಿಕಿತ್ಸೆಗೆ ಎಷ್ಟು ಹಣ ಕೊಡಬೇಕು ಎನ್ನುವುದು ಒಂದು. ಆ ಚಿಕಿತ್ಸೆಯನ್ನು ಯಾವ ಆಸ್ಪತ್ರೆಗಳಲ್ಲಿ, ಯಾವ ಯಾವ ಊರುಗಳಲ್ಲಿ ಕೊಡಿಸಬೇಕು ಎನ್ನುವುದು ಇನ್ನೊಂದು. ಮೊದಲನೆಯದು ಬಜೆಟ್ ಭಾಷಣದಲ್ಲಿ ಕೇಳಿಸುತ್ತದೆ, ಬಸ್ ನಿಲ್ದಾಣದ ಗೋಡೆಯ ಮೇಲೆ ಫಲಕವಾಗುತ್ತದೆ. ಎರಡನೆಯದು ಕಚೇರಿಯ ಕಡತದಲ್ಲೇ ಉಳಿಯುತ್ತದೆ. ಎಷ್ಟು ಜನಕ್ಕೆ ಎಷ್ಟು ಆಸ್ಪತ್ರೆ, ಎಷ್ಟು ದೂರದೊಳಗೆ, ಎಷ್ಟು ಹೊತ್ತಿನೊಳಗೆ, ಯಾವ ಗುಣಮಟ್ಟದ್ದು ಎಂದು ನಿಗದಿಪಡಿಸುವ ನಿಯಮಗಳಿಗೆ ನೆಟ್‌ವರ್ಕ್ ಮಾನದಂಡ ಎಂದು ಹೆಸರು. ನೋಡಲು ಇದು ಆಡಳಿತದ ಲೆಕ್ಕಾಚಾರ. ಒಳಗಿರುವುದು ಧರ್ಮಜಿಜ್ಞಾಸೆಯ ಹಳೆಯ ಪ್ರಶ್ನೆ: ಕೊಡುತ್ತೇನೆಂದು ಮಾತು ಕೊಟ್ಟವರು ಎಲ್ಲಿಯವರೆಗೆ ಹೋಗಿ ಕೊಡಬೇಕು? ತಮ್ಮ ಬಾಗಿಲು ತೆರೆದಿಟ್ಟರೆ ಋಣ ತೀರಿತೆ, ಇಲ್ಲವೆ ಬೇಕಾದವರಿಗೆ ಮುಟ್ಟಿದ ಮೇಲೆಯೇ ಅದು ತೀರುವುದೆ?

ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗದ ನಕ್ಷೆ ತೆರೆದರೆ ಈ ಪ್ರಶ್ನೆ ಕಣ್ಣಿಗೇ ಕಾಣುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕಕ್ಕೂ ಒಂದೊಂದು ತಾಲ್ಲೂಕು ಆಸ್ಪತ್ರೆ ಇದೆ. ಅದರ ಮೇಲಿನ ಹಂತದ ಚಿಕಿತ್ಸೆಗೆ ತುಮಕೂರೇ ಗತಿ, ಅದೂ ಆಗದಿದ್ದರೆ ಬೆಂಗಳೂರು. ಕೊರಟಗೆರೆ ಪೇಟೆಯಿಂದ ತುಮಕೂರು 30 ಕಿ.ಮೀ. ಒಳಗಿದೆ. ಮಧುಗಿರಿಯಿಂದ 40ಕ್ಕಿಂತ ಸ್ವಲ್ಪ ಹೆಚ್ಚು. ಶಿರಾದಿಂದ ಸುಮಾರು 50 ಕಿ.ಮೀ. ಆದರೂ ಅದು ಬೆಂಗಳೂರು–ಪುಣೆ ಹೆದ್ದಾರಿಯ ದಾರಿ. ಪಾವಗಡದಿಂದ ಸುಮಾರು 100 ಕಿ.ಮೀ. ಈ ತಾಲ್ಲೂಕನ್ನು ಬಹುಪಾಲು ಆಂಧ್ರದ ಸೀಮೆಯೇ ಸುತ್ತುವರಿದಿದೆ. ನಾಗಲಮಡಿಕೆ, ನಿಡಗಲ್ ಹೋಬಳಿಗಳ ಅಂಚಿನ ಹಳ್ಳಿಗಳವರು ಮೊದಲು ಪಾವಗಡಕ್ಕೆ ಬಂದು, ಅಲ್ಲಿಂದ ಮುಂದಿನ ಬಸ್ಸು ನೋಡಬೇಕು. ಶಿಕ್ಷಣ ಇಲಾಖೆಯ ಪಾಲಿಗೆ ಮಧುಗಿರಿ ಈಗಾಗಲೇ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಶಾಲೆಗಳ ವಿಷಯದಲ್ಲಿ ತುಮಕೂರು ದೂರವೆಂದು ಒಪ್ಪಿಕೊಂಡ ಸರ್ಕಾರ, ಆಸ್ಪತ್ರೆಗಳ ವಿಷಯದಲ್ಲಿ ಅದನ್ನು ಇನ್ನೂ ಒಪ್ಪಿಕೊಂಡಿಲ್ಲ.

ಕರ್ನಾಟಕದಲ್ಲಿ ಇಂಥ ಯೋಜನೆಗಳಿಗೆ ಎರಡು ದಶಕದ ಇತಿಹಾಸವಿದೆ. ಸಹಕಾರ ಸಂಘಗಳ ಸದಸ್ಯರಾದ ರೈತರಿಗಾಗಿ 2003ರಲ್ಲಿ ಯಶಸ್ವಿನಿ ಬಂತು. ಬಿಪಿಎಲ್ ಕುಟುಂಬಗಳ ದೊಡ್ಡ ಕಾಯಿಲೆಗಳಿಗೆಂದು ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಗುಲ್ಬರ್ಗ ವಿಭಾಗದಲ್ಲಿ ಮೊದಲಾಯಿತು. ಚದುರಿದ್ದ ಯೋಜನೆಗಳನ್ನು ಕೂಡಿಸಿ 2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ, ಅದೇ ವರ್ಷದ ಅಕ್ಟೋಬರ್ 30ರಿಂದ ಕೇಂದ್ರದ ಯೋಜನೆಯೊಡನೆ ಸೇರಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಆಯಿತು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಪೂರ್ತಿ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಆರಂಭದಲ್ಲಿ ಪಟ್ಟಿಗೆ ಸೇರಿದ್ದು 1,650 ಚಿಕಿತ್ಸೆಗಳು. ಸರಳವಾದವು ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ಅಲ್ಲಿ ಸಾಧ್ಯವಾಗದವಕ್ಕೆ ವೈದ್ಯರು ರೆಫರಲ್ ಬರೆದುಕೊಡುತ್ತಾರೆ, ಆಮೇಲೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಪಟ್ಟಿಯ ತುರ್ತು ಚಿಕಿತ್ಸೆಗಳಿಗೆ ಮಾತ್ರ ರೆಫರಲ್ ಬೇಕಿಲ್ಲ, ನೇರವಾಗಿ ನೆಟ್‌ವರ್ಕ್ ಆಸ್ಪತ್ರೆಗೆ ಹೋಗಬಹುದು. ನಿಯಮದ ಪ್ರಕಾರ ಎಲ್ಲವೂ ಸರಿಯಾಗಿದೆ. ಆದರೆ ನೇರವಾಗಿ ಹೋಗಬಹುದು ಎಂಬ ಅನುಮತಿಗೆ ಬೆಲೆ ಬರುವುದು ಹೋಗಿ ಮುಟ್ಟುವಷ್ಟರಲ್ಲಿ ಜೀವ ಉಳಿದಿದ್ದರೆ.

ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ಸಾತ್ವಿಕ ದಾನವನ್ನು ಗುರುತಿಸಲು ಮೂರು ಒರೆಗಲ್ಲು ಕೊಡುತ್ತದೆ: ದೇಶ, ಕಾಲ, ಪಾತ್ರ. ತಕ್ಕ ಜಾಗದಲ್ಲಿ, ತಕ್ಕ ಹೊತ್ತಿನಲ್ಲಿ, ತಕ್ಕವರಿಗೆ ಕೊಟ್ಟದ್ದು ಮಾತ್ರ ಉತ್ತಮ ದಾನ. ಈ ಮೂರನ್ನು ಇಂದಿನ ಆರೋಗ್ಯ ಯೋಜನೆಯ ಪಕ್ಕ ಇಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಸಾರ್ವಜನಿಕ ಚರ್ಚೆಯೆಲ್ಲ ನಡೆದದ್ದು ಪಾತ್ರದ ಬಗ್ಗೆ: ಯಾರು ಬಿಪಿಎಲ್, ಯಾರು ಅಲ್ಲ, ಯಾರ ಕಾರ್ಡ್ ಅಸಲಿ, ಯಾರದು ಅನರ್ಹ. ದೇಶ ಮತ್ತು ಕಾಲ, ಎಂದರೆ ಆಸ್ಪತ್ರೆಯ ದೂರ ಮತ್ತು ಕಾಯುವ ಅವಧಿ, ಚರ್ಚೆಗೇ ಬರಲಿಲ್ಲ. ಹಳೆಯ ವ್ಯಾಖ್ಯಾನಗಳು ಇಲ್ಲಿ ನೆರವಾಗುವುದೂ ಇಲ್ಲ. ಶಂಕರಾಚಾರ್ಯರ ಭಾಷ್ಯದಲ್ಲಿ ದೇಶವೆಂದರೆ ಕುರುಕ್ಷೇತ್ರದಂಥ ಪುಣ್ಯಭೂಮಿ, ಕಾಲವೆಂದರೆ ಸಂಕ್ರಾಂತಿಯಂಥ ಪುಣ್ಯಕಾಲ. ಎರಡೂ ಕೊಡುವವನ ಪುಣ್ಯ ಹೆಚ್ಚಿಸುವ ಸಂಗತಿಗಳು. ಪಡೆಯುವವನು ಅಲ್ಲಿಗೆ ಹೇಗೆ ಬಂದ, ಬರಲಾಗದವನು ಏನಾದ ಎಂಬುದು ಆ ಲೆಕ್ಕದೊಳಗಿಲ್ಲ. ದಾನದ ಶಾಸ್ತ್ರಕ್ಕೆ ಅದು ಕೊರತೆಯೂ ಅಲ್ಲ, ಏಕೆಂದರೆ ದಾನಿಯ ಅಂತಃಶುದ್ಧಿಯೇ ಅದರ ವಿಷಯ. ತೆರಿಗೆಯ ಹಣದಲ್ಲಿ ನಡೆಯುವ ಯೋಜನೆಯಲ್ಲಿ ದಾನಿಯೇ ಇಲ್ಲ. ಅಲ್ಲಿ ದೇಶಕಾಲಗಳನ್ನು ಪಡೆಯುವವರ ಮನೆ ಬಾಗಿಲಿನಿಂದ ಅಳೆಯದಿದ್ದರೆ ಅಳತೆಗೆ ಅರ್ಥವೇ ಉಳಿಯುವುದಿಲ್ಲ.

ಕನ್ನಡ ನಾಡಿನಲ್ಲಿ ಔಷಧವನ್ನು ಧರ್ಮದೊಳಗೆ ತಂದ ಪರಂಪರೆ ದೊಡ್ಡದು. ಜೈನರ ಚತುರ್ವಿಧ ದಾನದಲ್ಲಿ ಆಹಾರ, ಅಭಯ, ಶಾಸ್ತ್ರಗಳ ಜೊತೆ ಔಷಧವೂ ಒಂದು. ಬಳ್ಳಿಗಾವೆಯ ಕೋಡಿಮಠವನ್ನು ವರ್ಣಿಸುವ 1162ರ ಶಾಸನ ಅದನ್ನು ವಿದ್ಯೆಯ ನೆಲೆಯೆಂದು ಕೊಂಡಾಡುವುದರ ಜೊತೆಗೆ, ದೀನರಿಗೆ ಅನ್ನ ಸಿಗುವ, ಅನಾಥ ರೋಗಿಗಳಿಗೆ ಚಿಕಿತ್ಸೆ ಸಿಗುವ, ಎಲ್ಲ ಜೀವಿಗಳಿಗೂ ಅಭಯ ಸಿಗುವ ತಾಣವೆಂದೂ ಹೇಳುತ್ತದೆ. ಆಸ್ಪತ್ರೆಯೊಂದಕ್ಕೆ ಇದಕ್ಕಿಂತ ಉದಾರವಾದ ವ್ಯಾಖ್ಯೆ ಸಿಗುವುದು ಕಷ್ಟ. ಆದರೂ ಅದು ಮಠದ ಅಂಗಳದಲ್ಲಿ ಸಿಗುವ ಔಷಧ. ಬಳ್ಳಿಗಾವೆಗೆ ನಡೆದು ಬರಬಲ್ಲ ರೋಗಿಗೆ ಅದು ದಕ್ಕುತ್ತದೆ.

ದೂರದ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡ ಪ್ರಾಚೀನ ದಾಖಲೆ ಅಶೋಕನದು. ಅವನ ಎರಡನೆಯ ಬಂಡೆಗಲ್ಲು ಶಾಸನ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದನ್ನು ಹೇಳುತ್ತದೆ. ಪಾವಗಡದ ಉತ್ತರಕ್ಕೆ ಆಂಧ್ರದ ಎರ್ರಗುಡಿಯಲ್ಲೂ ಇದರ ಪಾಠ ಸಿಕ್ಕಿದೆ. ಅದರ ನಿಜವಾದ ತೂಕ ಮುಂದಿನ ಮಾತುಗಳಲ್ಲಿದೆ: ಔಷಧಿ ಸಸ್ಯಗಳು ಎಲ್ಲೆಲ್ಲಿ ಇರಲಿಲ್ಲವೋ ಅಲ್ಲಲ್ಲಿಗೆ ತರಿಸಿ ನೆಡಿಸಲಾಯಿತು, ದಾರಿಯುದ್ದಕ್ಕೂ ಬಾವಿ ತೋಡಿಸಿ ಮರ ಬೆಳೆಸಲಾಯಿತು. ಸೌಲಭ್ಯ ಇಲ್ಲದ ಕಡೆಯನ್ನು ಮೊದಲು ಗುರುತಿಸು, ಅಲ್ಲಿಗೆ ಒಯ್ಯಿ, ಹೋಗುವ ದಾರಿಯನ್ನೂ ಸರಿಮಾಡು: ನೆಟ್‌ವರ್ಕ್ ಮಾನದಂಡದ ಇಡೀ ತಿರುಳು ಇಷ್ಟರಲ್ಲೇ ಬಂದುಹೋಯಿತು. ಅದೇ ಶಾಸನ ಈ ವ್ಯವಸ್ಥೆ ಗಡಿಯಾಚೆಯ ಚೋಳ, ಪಾಂಡ್ಯರ ಸೀಮೆಗಳಲ್ಲೂ ಆಗಿದೆಯೆಂದು ಹೇಳಿಕೊಳ್ಳುತ್ತದೆ. ರಾಜಶಾಸನದ ಹೇಳಿಕೆಯನ್ನು ಪೂರ್ತಿ ನಂಬಬೇಕಿಲ್ಲ. ಹಾಗೆ ಹೇಳಿಕೊಳ್ಳುವುದು ಅರಸನಿಗೆ ಭೂಷಣವೆನಿಸಿತ್ತು ಎಂಬುದಂತೂ ನಿಜ.

ಆಧುನಿಕ ಭಾರತದಲ್ಲಿ ದಾನದ ಭಾಷೆ ಹಕ್ಕಿನ ಭಾಷೆಯಾದದ್ದಕ್ಕೆ ಒಂದು ಖಚಿತ ಮೈಲಿಗಲ್ಲು ಇದೆ. ಪಶ್ಚಿಮ ಬಂಗಾಳದ ಕೃಷಿ ಕಾರ್ಮಿಕ ಹಕೀಂ ಶೇಖ್ 1992ರ ಜುಲೈ 8ರಂದು ರೈಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ಹಾಸಿಗೆ ಇಲ್ಲ, ಸೌಲಭ್ಯ ಇಲ್ಲ ಎಂದು ಸಾಗಹಾಕಿತು. ಕೊನೆಗೆ ಖಾಸಗಿ ಆಸ್ಪತ್ರೆ ಸೇರಿ ಸ್ವಂತ ಖರ್ಚಿನಲ್ಲಿ ಚಿಕಿತ್ಸೆ ಪಡೆದರು. ಈ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ಕೊಟ್ಟು, ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಕೊಡದಿರುವುದು ಸಂವಿಧಾನದ 21ನೆಯ ವಿಧಿಯ ಉಲ್ಲಂಘನೆ ಎಂದಿತು, 25,000 ರೂಪಾಯಿ ಪರಿಹಾರ ಕೊಡಿಸಿತು, ಹಣವಿಲ್ಲವೆಂಬ ನೆಪ ನಡೆಯದು ಎಂದಿತು. ಅದೇ ತೀರ್ಪಿನಲ್ಲಿ ಕಡಿಮೆ ಜನ ಗಮನಿಸಿದ ಒಂದು ಭಾಗವಿದೆ. ಗಂಭೀರ ಸ್ಥಿತಿಯ ರೋಗಿಗಳಿಗೆ ಅಲ್ಲಲ್ಲೇ ಚಿಕಿತ್ಸೆ ಸಿಗುವಂತೆ ಜಿಲ್ಲಾ ಮಟ್ಟದ ಮತ್ತು ಉಪವಿಭಾಗ ಮಟ್ಟದ ಆಸ್ಪತ್ರೆಗಳನ್ನು ಮೇಲ್ದರ್ಜೆಗೆ ಏರಿಸಬೇಕು, ಎಲ್ಲಿ ಹಾಸಿಗೆ ಖಾಲಿ ಇದೆಯೆಂದು ತಿಳಿಸುವ ಸಂಪರ್ಕ ವ್ಯವಸ್ಥೆ ಬೇಕು, ಆಂಬುಲೆನ್ಸ್ ಬೇಕು. ಮಧುಗಿರಿಯೂ ಒಂದು ಉಪವಿಭಾಗದ ಕೇಂದ್ರ. ಕರ್ನಾಟಕದಲ್ಲಿ 108 ಆಂಬುಲೆನ್ಸ್ ಸೇವೆ 2008ರ ನವೆಂಬರ್ 1ರಂದೇ ಶುರುವಾಯಿತು. ಉಪವಿಭಾಗ ಮಟ್ಟದ ಆಸ್ಪತ್ರೆಗೆ ಮಾತ್ರ ಯೋಜನೆಯ ಏಣಿಯಲ್ಲಿ ಪ್ರತ್ಯೇಕ ಮೆಟ್ಟಿಲೇ ಇಲ್ಲ. ತಾಲ್ಲೂಕು ಆದ ಮೇಲೆ ಜಿಲ್ಲೆಯೇ.

ದೂರವನ್ನು ಅಳೆಯುವ ರೀತಿಯಲ್ಲೂ ಒಂದು ತತ್ತ್ವ ಅಡಗಿರುತ್ತದೆ. ಭಾರತದ ಪ್ರಾಥಮಿಕ ಆರೋಗ್ಯ ವ್ಯವಸ್ಥೆ ತಲೆ ಎಣಿಸುತ್ತದೆ: ಬಯಲು ಸೀಮೆಯಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ, 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000 ಜನಕ್ಕೆ ಒಂದು ಸಮುದಾಯ ಆರೋಗ್ಯ ಕೇಂದ್ರ. ಗುಡ್ಡಗಾಡು, ಬುಡಕಟ್ಟು ಪ್ರದೇಶಗಳಿಗೆ ಈ ಸಂಖ್ಯೆಗಳನ್ನು ಇಳಿಸಲಾಗಿದೆ. ತಲೆ ಎಣಿಸಿ ಹಂಚುವುದು ಮೇಲ್ನೋಟಕ್ಕೆ ಸಮಾನತೆ. ಮಳೆ ಕಡಿಮೆ, ಊರುಗಳು ಒಂದಕ್ಕೊಂದು ದೂರ, ದುಡಿಯುವವರು ಬೆಂಗಳೂರು ಸೇರಿದ್ದಾರೆ ಎಂಬಂಥ ಸೀಮೆಯಲ್ಲಿ ಅದೇ ನಿಯಮ ಆಸ್ಪತ್ರೆಯನ್ನು ಇನ್ನಷ್ಟು ದೂರ ತಳ್ಳುತ್ತದೆ. ಪಾವಗಡ ಗುಡ್ಡಗಾಡು ಪ್ರದೇಶದ ರಿಯಾಯಿತಿಗೆ ಸೇರದು, ಪೇಟೆಯ ಅನುಕೂಲಕ್ಕೂ ಸೇರದು.

ಅಮೆರಿಕದಲ್ಲಿ ಬಡವರ ವೈದ್ಯಕೀಯ ವೆಚ್ಚ ಭರಿಸುವ ಮೆಡಿಕೇಯ್ಡ್ ಯೋಜನೆ ಬೇರೆ ದಾರಿ ಹಿಡಿಯಿತು. ಅಲ್ಲಿ ಬಹುಪಾಲು ಫಲಾನುಭವಿಗಳ ಚಿಕಿತ್ಸೆಯನ್ನು ಖಾಸಗಿ ವಿಮಾ ಕಂಪನಿಗಳಿಗೆ ವಹಿಸಲಾಗಿದೆ. ಕಂಪನಿ ತನ್ನ ವೈದ್ಯರ ಪಟ್ಟಿಯನ್ನು ಚಿಕ್ಕದಾಗಿಟ್ಟರೆ ಅದಕ್ಕೇ ಲಾಭ; ಆದ್ದರಿಂದ ಕಡಿವಾಣ ಬೇಕಾಯಿತು. ಪ್ರತಿ ರಾಜ್ಯವೂ ವೈದ್ಯರು ಎಷ್ಟು ದೂರದೊಳಗೆ, ಎಷ್ಟು ಪ್ರಯಾಣಕಾಲದೊಳಗೆ ಸಿಗಬೇಕೆಂದು ನಿಗದಿಪಡಿಸಬೇಕೆಂದು 2016ರ ಕೇಂದ್ರ ನಿಯಮ ಹೇಳಿತು. ಜನ ಸಾಮಾನ್ಯವಾಗಿ ಬಳಸುವ ವಾಹನ ಯಾವುದು, ವೈದ್ಯರಿಗೆ ರೋಗಿಯ ಭಾಷೆ ಬರುತ್ತದೆಯೆ, ಅಂಗವಿಕಲರು ಒಳಗೆ ಹೋಗಲು ಸಾಧ್ಯವೆ ಎಂಬುದನ್ನೂ ಲೆಕ್ಕಕ್ಕೆ ತಂದಿತು. 2020ರಲ್ಲಿ ಈ ನಿಯಮ ಸಡಿಲವಾಯಿತು. 2024ರ ನಿಯಮ ಕಾಯುವ ಅವಧಿಗೆ ಮಿತಿ ಹಾಕಿತು: ಸಾಮಾನ್ಯ ವೈದ್ಯರ ಭೇಟಿಗೆ 15 ಕೆಲಸದ ದಿನ, ಮಾನಸಿಕ ಆರೋಗ್ಯದ ಹೊರರೋಗಿ ಭೇಟಿಗೆ 10. ಪಟ್ಟಿಯಲ್ಲಿ ಹೆಸರಿದ್ದೂ ರೋಗಿಗಳನ್ನು ತೆಗೆದುಕೊಳ್ಳದ ವೈದ್ಯರನ್ನು ಪತ್ತೆಹಚ್ಚಲು, ಗುರುತು ಹೇಳದೆ ರೋಗಿಯಂತೆ ಕೇಳಿ ಪರೀಕ್ಷಿಸುವ ಕ್ರಮವನ್ನೂ ತಂದಿತು. ಒಟ್ಟಾರೆ ಅಮೆರಿಕದ ಆರೋಗ್ಯ ವ್ಯವಸ್ಥೆ ಅನುಕರಿಸುವಂಥದ್ದಲ್ಲ. ಆದರೆ ಪಟ್ಟಿಯಲ್ಲಿರುವ ಹೆಸರು ಬೇರೆ, ಸಿಗುವ ಚಿಕಿತ್ಸೆ ಬೇರೆ ಎಂದು ಬರಹದಲ್ಲಿ ಒಪ್ಪಿಕೊಂಡದ್ದು ಮೆಚ್ಚತಕ್ಕದ್ದು.

ಇನ್ನು ಯಾರ ದೂರವನ್ನು ಅಳೆಯಬೇಕು ಎಂಬ ಪ್ರಶ್ನೆ. ಸರಾಸರಿಯನ್ನು ಹಿಡಿದರೆ ತುಮಕೂರು ಜಿಲ್ಲೆ ನೆಮ್ಮದಿಯಾಗಿ ಕಾಣುತ್ತದೆ. ಜಿಲ್ಲಾ ಕೇಂದ್ರದಲ್ಲಿ ಜಿಲ್ಲಾ ಆಸ್ಪತ್ರೆ, ವೈದ್ಯಕೀಯ ಕಾಲೇಜುಗಳು, ಖಾಸಗಿ ಆಸ್ಪತ್ರೆಗಳು, ಎಪ್ಪತ್ತು ಕಿ.ಮೀ. ಆಚೆ ಬೆಂಗಳೂರು. ಹೆಚ್ಚು ಜನರಿಗೆ ಹೆಚ್ಚು ಒಳಿತು ಎಂಬ ಉಪಯುಕ್ತತಾವಾದದ ಲೆಕ್ಕಕ್ಕೆ ಇದು ಒಪ್ಪುತ್ತದೆ. ಜಾನ್ ರಾಲ್ಸ್ 1971ರ ತಮ್ಮ ನ್ಯಾಯಸಿದ್ಧಾಂತದಲ್ಲಿ ಇದಕ್ಕೆ ತಡೆ ಹಾಕಿದರು: ಅಸಮಾನತೆಯೊಂದು ಸಮರ್ಥನೀಯವಾಗಬೇಕಾದರೆ ಅದರಿಂದ ಅತಿ ಹಿಂದುಳಿದವರ ಸ್ಥಿತಿ ಸುಧಾರಿಸಬೇಕು. ಅದಕ್ಕೂ ಮೊದಲೇ ಗಾಂಧೀಜಿ ಯಾವುದೇ ಹೆಜ್ಜೆ ಇಡುವ ಮುನ್ನ ತಾನು ಕಂಡ ಅತಿ ಬಡವನ ಮುಖವನ್ನು ನೆನೆಯಬೇಕೆಂದಿದ್ದರು. ಗಾಂಧೀಜಿಯ ಮಾತು ಸಾಮಾನ್ಯವಾಗಿ ಭಾವನೆಯ ಮಾತಾಗಿ ಉಳಿದುಬಿಡುತ್ತದೆ. ಇಲ್ಲಿ ಅದನ್ನು ಕಚೇರಿಯ ನಿಯಮವಾಗಿಯೇ ಬರೆಯಬಹುದು: ಅಳತೆಯ ಪಟ್ಟಿಯ ಸೊನ್ನೆ ತುಮಕೂರಿನ ಟೌನ್‌ಹಾಲ್ ವೃತ್ತದಲ್ಲಿರದೆ ತಾಲ್ಲೂಕಿನ ಕಟ್ಟಕಡೆಯ ಹಳ್ಳಿಯಲ್ಲಿರಬೇಕು. ಅಳತೆಯ ಮಾನ ಬರೀ ಕಿಲೊಮೀಟರ್ ಆದರೂ ಸಾಲದು. ರೋಗಿಯ ಜೊತೆ ಒಬ್ಬರು ಹೋಗಬೇಕು, ಇಬ್ಬರದೂ ಕೂಲಿ ಹೋಗುತ್ತದೆ, ಬಸ್ ಚಾರ್ಜು, ಊಟ, ಬೆಳಗಿನ ಬಸ್ಸು ತಪ್ಪಿದರೆ ರಾತ್ರಿ ಆಸ್ಪತ್ರೆಯ ವರಾಂಡದಲ್ಲೇ ಕಳೆಯಬೇಕು. ಚಿಕಿತ್ಸೆ ಉಚಿತವಾದ ಮೇಲೂ ಉಳಿಯುವ ಈ ಖರ್ಚಿನ ಭಯಕ್ಕೆ ಎಷ್ಟೋ ಮಂದಿ ಕಾಯಿಲೆಯನ್ನು ನುಂಗಿಕೊಂಡು ಮನೆಯಲ್ಲೇ ಇರುತ್ತಾರೆ, ಯೋಜನೆಯ ಅಂಕಿಅಂಶಗಳಲ್ಲಿ ಅವರು ಆರೋಗ್ಯವಂತರಾಗಿ ಕಾಣುತ್ತಾರೆ.

ಹಾಗೆಂದು ಎಲ್ಲ ಚಿಕಿತ್ಸೆಯೂ ಎಲ್ಲ ಊರಿಗೂ ಬರಬೇಕೆನ್ನುವುದು ವಿವೇಕವಲ್ಲ. ಒಂದೊಂದು ಕಾಯಿಲೆಗೂ ಅದು ತಾಳಬಲ್ಲ ದೂರವಿದೆ. ಜನ್ಮದಲ್ಲೇ ಬಂದ ಹೃದಯದ ದೋಷಕ್ಕೆ ಜೀವನದಲ್ಲಿ ಒಮ್ಮೆ ಶಸ್ತ್ರಚಿಕಿತ್ಸೆ. ಅದಕ್ಕೆ ಬೆಂಗಳೂರಿಗೆ ಹೋಗುವುದು ಕಷ್ಟವಾದರೂ ಸಹ್ಯ, ಅನುಭವವುಳ್ಳ ಕೈಗಳು ಒಂದೇ ಕಡೆ ಇರುವುದರಿಂದ ರೋಗಿಗೇ ಒಳ್ಳೆಯದು. ಡಯಾಲಿಸಿಸ್ ಹಾಗಲ್ಲ, ವಾರಕ್ಕೆ ಎರಡು ಮೂರು ಸಲ, ಬದುಕಿರುವಷ್ಟು ಕಾಲ. ಪಾವಗಡದಿಂದ ತುಮಕೂರಿಗೆ ವಾರಕ್ಕೆ ಮೂರು ಸಲ ಹೋಗಿಬರುವುದೆಂದರೆ 600 ಕಿ.ಮೀ.; ಬದುಕೆಲ್ಲ ಬಸ್ಸಿನಲ್ಲೇ ಕಳೆದಂತೆ. ತಾಲ್ಲೂಕು ಆಸ್ಪತ್ರೆಗಳಲ್ಲೇ ಡಯಾಲಿಸಿಸ್ ಘಟಕ ತೆರೆಯುವ ನೀತಿ ಬಂದದ್ದು ಈ ಕಾರಣಕ್ಕೆ, ಅದು ಸರಿಯಾದ ನೀತಿ. ಹೃದಯಾಘಾತದ ದೂರ ಇನ್ನೂ ಕಿರಿದು, ಗಂಟೆಗಳಲ್ಲಿ ಎಣಿಸುವಂಥದ್ದು. ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಈ ಗಂಟನ್ನು ಬಿಡಿಸಿದ ರೀತಿ ಗಮನಿಸತಕ್ಕದ್ದು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಕಳಿಸಿದರೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರದ ತಜ್ಞರು ನೋಡಿ ಹೇಳುತ್ತಾರೆ. ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಸ್ಟೆಂಟ್ ಹಾಕುವುದು ಆಮೇಲೆ, ದೊಡ್ಡಾಸ್ಪತ್ರೆಯಲ್ಲಿ. ಕಾಯಲಾರದ ಭಾಗ ರೋಗಿಯ ಹತ್ತಿರ ಬಂತು, ಕಾಯಬಲ್ಲ ಭಾಗ ದೂರದಲ್ಲಿ ಉಳಿಯಿತು. ಒಳ್ಳೆಯ ಮಾನದಂಡ ಹೀಗೆಯೇ ಹುಟ್ಟಬೇಕು, ಕಾಯಿಲೆಯ ಸ್ವಭಾವದಿಂದ.

ಸ್ಥಾವರ ಮತ್ತು ಜಂಗಮಗಳ ನಡುವೆ ಶರಣರು ಮಾಡಿದ ವಿಂಗಡಣೆ ಇಲ್ಲಿ ನೆನಪಾಗದಿರದು. ಅವರಿಗೆ ಕಟ್ಟಿ ನಿಲ್ಲಿಸಿದ ಗುಡಿಗಿಂತ ಭಕ್ತರ ಮನೆಗೆ ನಡೆದು ಬರುವ ಜಂಗಮ ಹೆಚ್ಚು. ಆರೋಗ್ಯ ಯೋಜನೆಗಳಲ್ಲಿ ಜಂಗಮಕ್ಕೆ ಸಮಾನವಾದದ್ದು ಶಿಬಿರ. ವಾಜಪೇಯಿ ಆರೋಗ್ಯಶ್ರೀಯಲ್ಲಿ ನೆಟ್‌ವರ್ಕ್ ಆಸ್ಪತ್ರೆಗಳು ಹಳ್ಳಿಗಳ ಕಡೆ ತಪಾಸಣಾ ಶಿಬಿರ ನಡೆಸಬೇಕಿತ್ತು, ಅಲ್ಲಿ ಗುರುತಿಸಿದ ರೋಗಿಗಳು ನಗರದ ಆಸ್ಪತ್ರೆಗೆ ಬರುತ್ತಿದ್ದರು. ಯೋಜನೆ ಇದ್ದ ಉತ್ತರದ ಹಳ್ಳಿಗಳನ್ನೂ ಇನ್ನೂ ಬಾರದಿದ್ದ ಪಕ್ಕದ ದಕ್ಷಿಣದ ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಗೆ ಸೇರಿದ ಕಾಯಿಲೆಗಳಿಂದಾಗುವ ಸಾವು ಬಡ ಕುಟುಂಬಗಳಲ್ಲಿ ಶೇ 64ರಷ್ಟು ಕಡಿಮೆಯಾಗಿತ್ತು. ಹಣ ಕೊಟ್ಟದ್ದರ ಜೊತೆಗೆ ಆಸ್ಪತ್ರೆಯನ್ನೇ ಹಳ್ಳಿಯ ಕಡೆ ನಡೆಸಿದ್ದರ ಪಾಲೂ ಇದರಲ್ಲಿ ಇರಲೇಬೇಕು. ಆದರೆ ಶಿಬಿರಕ್ಕೂ ಅದರ ದೌರ್ಬಲ್ಯವಿದೆ. ಬಂದ ವೈದ್ಯರು ಸಂಜೆಗೆ ಹೊರಟುಹೋಗುತ್ತಾರೆ. ಆಪರೇಷನ್ ಆದ ಮೂರನೆಯ ದಿನ ಹೊಲಿಗೆ ಕೀವಾದರೆ ಓಡಬೇಕಾದದ್ದು ಸ್ಥಾವರದ ಬಳಿಗೇ.

ಹತ್ತಿರ ಬೇಕು ಎಂಬ ನ್ಯಾಯಕ್ಕೂ ಚೆನ್ನಾಗಿರಬೇಕು ಎಂಬ ನ್ಯಾಯಕ್ಕೂ ಸದಾ ಎಳೆದಾಟ. ಕೇಂದ್ರದ ಮಾರ್ಗಸೂಚಿಯಂತೆ ನೋಂದಣಿಗೆ ಕನಿಷ್ಠ 10 ಹಾಸಿಗೆ ಬೇಕು, ದಿನದ 24 ಗಂಟೆಯೂ ವೈದ್ಯರು, ದಾದಿಯರು ಇರಬೇಕು. ವಿಶೇಷ ಚಿಕಿತ್ಸೆಗಳಿಗೆ ಅದಕ್ಕೆ ತಕ್ಕ ತೀವ್ರ ನಿಗಾ ಘಟಕ ಬೇಕು. ಗುಣಮಟ್ಟದ ಮಾನ್ಯತೆ ಪಡೆದ ಆಸ್ಪತ್ರೆಗೆ ಹೆಚ್ಚುವರಿ ದರವೂ ಉಂಟು. ಷರತ್ತು ಬಿಗಿಯಾದಷ್ಟೂ ತಾಲ್ಲೂಕು ಪೇಟೆಯ ಸಣ್ಣ ನರ್ಸಿಂಗ್ ಹೋಂಗಳು ಹೊರಗುಳಿಯುತ್ತವೆ, ಪಟ್ಟಿ ನಗರದ ಕಡೆ ವಾಲುತ್ತದೆ. ಷರತ್ತು ಸಡಿಲಿಸಿದರೆ ಬೇರೆ ಅಪಾಯ. ಕಲಬುರಗಿ ಜಿಲ್ಲೆಯಲ್ಲಿ ಕಳೆದ ದಶಕದಲ್ಲಿ ಬಡ ಹೆಣ್ಣುಮಕ್ಕಳಿಗೆ, ಅದರಲ್ಲೂ ಲಂಬಾಣಿ ತಾಂಡಾಗಳವರಿಗೆ, ಬೇಡದ ಗರ್ಭಕೋಶ ತೆಗೆದ ಪ್ರಕರಣಗಳು ಬಯಲಾದವು. ಹತ್ತಿರದ ಖಾಸಗಿ ಆಸ್ಪತ್ರೆ ಹತ್ತಿರವಿದೆ ಎಂಬ ಕಾರಣಕ್ಕೇ ಉಪಕಾರಿಯಲ್ಲ ಎಂದು ಅಲ್ಲಿ ಗೊತ್ತಾಯಿತು. ಈ ಎಳೆದಾಟಕ್ಕೆ ಸೂತ್ರರೂಪದ ಪರಿಹಾರವಿಲ್ಲ. ಕೇಳಬೇಕಾದ್ದು ಒಂದೇ: ಈ ಷರತ್ತು ರೋಗಿಯನ್ನು ಕಾಪಾಡುತ್ತದೆಯೆ, ಅಥವಾ ಕಡತವನ್ನು ಮಾತ್ರ ಕಾಪಾಡುತ್ತದೆಯೆ? ರಾತ್ರಿ ಅರಿವಳಿಕೆ ತಜ್ಞರು ಇರಬೇಕೆಂಬ ಷರತ್ತು ಮೊದಲ ಜಾತಿಯದು. ಖಾಸಗಿ ಪಟ್ಟಿಗೆ ಯಾರೂ ಬಾರದ ತಾಲ್ಲೂಕಿನಲ್ಲಿ ಸರ್ಕಾರಿ ಆಸ್ಪತ್ರೆಯನ್ನೇ ಆ ಮಟ್ಟಕ್ಕೆ ಏರಿಸುವುದು ಬಿಟ್ಟರೆ ಬೇರೆ ದಾರಿಯೂ ಇಲ್ಲ.

ಪಾವಗಡದಲ್ಲಿ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದ್ದು ಧರ್ಮಸಂಸ್ಥೆಗಳು. ಸ್ವಾಮಿ ಜಪಾನಂದರು ಕಟ್ಟಿದ ಶ್ರೀ ರಾಮಕೃಷ್ಣ ಸೇವಾಶ್ರಮ ಕುಷ್ಠ, ಕ್ಷಯ ರೋಗಿಗಳ ಆರೈಕೆಯನ್ನು ಕೈಗೆತ್ತಿಕೊಂಡಿತು, ಅದರ ಶಾರದಾದೇವಿ ಕಣ್ಣಿನ ಆಸ್ಪತ್ರೆಗೆ ಗಡಿಯ ಎರಡೂ ಕಡೆಯ ಹಳ್ಳಿಯವರು ಬರುತ್ತಾರೆ. ಗಡಿಯಾಚೆ ಪುಟ್ಟಪರ್ತಿಯಲ್ಲಿ 1991ರಲ್ಲಿ ತೆರೆದ ಶ್ರೀ ಸತ್ಯಸಾಯಿ ಉನ್ನತ ವೈದ್ಯವಿಜ್ಞಾನ ಸಂಸ್ಥೆಯ ಆಸ್ಪತ್ರೆ ಯಾವ ಕಾರ್ಡೂ ಕೇಳದೆ, ಹಣ ಪಡೆಯದೆ ಹೃದಯದ ಶಸ್ತ್ರಚಿಕಿತ್ಸೆ ಮಾಡುತ್ತ ಬಂದಿದೆ. ಪಾವಗಡ, ಮಧುಗಿರಿಯ ಎಷ್ಟೋ ಮಂದಿಗೆ ಅದು ದೊಡ್ಡ ಆಸರೆ. ಇಲ್ಲಿ ಸೂಕ್ಷ್ಮವಾದ ಪ್ರಶ್ನೆಯೊಂದು ಏಳುತ್ತದೆ. ಆಶ್ರಮದ ಆಸ್ಪತ್ರೆ ಇರುವುದರಿಂದ ಆ ತಾಲ್ಲೂಕಿನಲ್ಲಿ ಸೌಲಭ್ಯ ಸಾಕಷ್ಟಿದೆ ಎಂದು ಸರ್ಕಾರ ಬರೆದುಕೊಳ್ಳಬಹುದೆ? ಬರೆದುಕೊಳ್ಳಬಾರದು. ಸೇವೆ ಎಂಬುದು ಮಾಡುವವರ ಸಂಕಲ್ಪದಿಂದ ಬಂದದ್ದು; ಅದಕ್ಕೆ ಕೃತಜ್ಞತೆ ಸಲ್ಲಬೇಕು, ಅದರ ಮೇಲೆ ಹಕ್ಕು ಸಾಧಿಸಲು ಬಾರದು. ನಾಳೆ ಆಶ್ರಮ ತನ್ನ ಗಮನವನ್ನು ಬೇರೆ ಕಡೆ ಹರಿಸಿದರೆ ಅದನ್ನು ಪ್ರಶ್ನಿಸುವ ಅಧಿಕಾರ ಯಾವ ರೋಗಿಗೂ ಇಲ್ಲ. ಮಾನದಂಡ ಎಣಿಸಬೇಕಾದದ್ದು ಉತ್ತರ ಹೇಳಲು ಬದ್ಧವಾದ ಆಸ್ಪತ್ರೆಗಳನ್ನು ಮಾತ್ರ. ರಾಜ್ಯದ ಗಡಿಯ ವಿಷಯದಲ್ಲಿ ತರ್ಕ ಬೇರೆ. ಕೇಂದ್ರದ ಯೋಜನೆಯಲ್ಲಿ ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ಚಿಕಿತ್ಸೆ ಪಡೆಯುವ ಅವಕಾಶವಿದೆ. ಹಿಂದೂಪುರ, ಅನಂತಪುರಗಳು ಯಾವ ಹಳ್ಳಿಗೆ ತುಮಕೂರಿಗಿಂತ ಹತ್ತಿರವೋ ಆ ಹಳ್ಳಿಯ ಪಟ್ಟಿಯಲ್ಲಿ ಅವು ಮೊದಲಿಗೇ ಇರಬೇಕು.

ನಕ್ಷೆಯಲ್ಲಿ ಕಾಣದ ದೂರಗಳೂ ಇವೆ. ಪಾವಗಡದಲ್ಲೂ ಮಧುಗಿರಿಯ ಗಡಿ ಹೋಬಳಿಗಳಲ್ಲೂ ಅನೇಕರ ಮನೆಮಾತು ತೆಲುಗು. ಆಸ್ಪತ್ರೆಯಲ್ಲಿ ಯೋಜನೆಯ ರೋಗಿಗಳಿಗೆ ನೆರವಾಗಲು ಕಂಪ್ಯೂಟರ್ ಮುಂದೆ ಕೂತ ಆರೋಗ್ಯಮಿತ್ರರಿಗೆ ಆ ಭಾಷೆ ಬಂದರೆ ಅರ್ಧ ಕೆಲಸ ಆದಂತೆ. ಶಿರಾ, ಮಧುಗಿರಿ, ಪಾವಗಡಗಳ ಕಾಡುಗೊಲ್ಲರ ಹಟ್ಟಿಗಳಲ್ಲಿ ಬಾಣಂತಿಯನ್ನೂ ಹಸುಗೂಸನ್ನೂ ಸೂತಕದ ಹೆಸರಿನಲ್ಲಿ ಊರ ಹೊರಗಿನ ಗುಡಿಸಲಿನಲ್ಲಿ ಇರಿಸುವ ಪದ್ಧತಿ ಪೂರ್ತಿ ಅಳಿದಿಲ್ಲ. ಅಲ್ಲಿ ಆಸ್ಪತ್ರೆ ಎರಡೇ ಕಿ.ಮೀ. ದೂರದಲ್ಲಿದ್ದರೂ ಬಾಣಂತಿಯ ಪಾಲಿಗೆ ಅದು ಬಹುದೂರ. ಈ ದೂರವನ್ನು ದಾಟುವವರು ಆಶಾ ಕಾರ್ಯಕರ್ತೆಯರು ಮತ್ತು ಆ ಸಮುದಾಯದೊಳಗಿನ ವಿದ್ಯಾವಂತರು. ಆದೇಶದಿಂದ ಮಾತ್ರ ಆಗುವ ಕೆಲಸವಲ್ಲ ಅದು. ಇನ್ನು ಪಾವಗಡದ ಕೊಳವೆ ಬಾವಿಗಳ ಫ್ಲೋರೈಡ್ ನೀರು ಮೂಳೆ ಕೀಲುಗಳನ್ನು ಬಿಗಿಸಿ ಜನರನ್ನು ಬಗ್ಗಿಸಿದೆ. ಅದಕ್ಕೆ ಯಾವ ನೆಟ್‌ವರ್ಕ್ ಆಸ್ಪತ್ರೆಯಲ್ಲೂ ಪೂರ್ತಿ ಗುಣವಾಗುವ ಚಿಕಿತ್ಸೆಯಿಲ್ಲ. ಮನೆಮನೆಗೆ ಒಳ್ಳೆಯ ಕುಡಿಯುವ ನೀರು ಮುಟ್ಟಿಸುವುದೇ ಅದರ ಔಷಧ. ಅಶೋಕನ ಶಾಸನ ಚಿಕಿತ್ಸೆ ಮತ್ತು ಬಾವಿಗಳನ್ನು ಒಟ್ಟಿಗೆ ಹೇಳಿದ್ದರಲ್ಲಿ ಎಷ್ಟು ತಿಳಿವಳಿಕೆಯಿತ್ತು ಎಂಬುದು ಇಂಥ ಕಡೆ ಅರ್ಥವಾಗುತ್ತದೆ.

ಸಂಪನ್ಮೂಲ ಸೀಮಿತವಾದಾಗ ಎಲ್ಲರೂ ಒಪ್ಪುವ ಮಾನದಂಡ ಸಿಗದು. ಸಿಗಬಹುದಾದದ್ದು ಎಲ್ಲರಿಗೂ ತಿಳಿದಿರುವ ಮಾನದಂಡ. ಆರೋಗ್ಯ ನ್ಯಾಯದ ಬಗ್ಗೆ ಬರೆದ ನಾರ್ಮನ್ ಡೇನಿಯಲ್ಸ್ ಒತ್ತಿ ಹೇಳಿದ್ದು ಇದನ್ನೇ: ತೀರ್ಮಾನದ ಕಾರಣಗಳು ಬಹಿರಂಗವಾಗಿರಬೇಕು, ಅವು ಸಮಂಜಸವಾಗಿರಬೇಕು, ತಪ್ಪೆಂದು ಕಂಡವರಿಗೆ ಪ್ರಶ್ನಿಸುವ ದಾರಿ ಇರಬೇಕು. ಈ ಅರ್ಥದಲ್ಲಿ ಮಧುಗಿರಿ ಉಪವಿಭಾಗಕ್ಕೆ ತಕ್ಕ ಮಾನದಂಡ ಹೇಗಿರಬೇಕೆಂದು ಹೇಳುವುದು ಕಷ್ಟವೇನಲ್ಲ. ಜಿಲ್ಲೆಯ ಸರಾಸರಿಯನ್ನು ಬದಿಗಿಟ್ಟು ಹೋಬಳಿವಾರು ಲೆಕ್ಕ ಪ್ರಕಟಿಸಬೇಕು. ಕಾಯಿಲೆಯ ಸ್ವಭಾವಕ್ಕೆ ತಕ್ಕಂತೆ ಗಂಟೆಯ ಮಿತಿಯಿರಬೇಕು. ಮಿತಿ ಮೀರಿದ ಕಡೆ ಪ್ರಯಾಣದ ಖರ್ಚನ್ನೂ ಜೊತೆಗೆ ಬಂದವರ ಕೂಲಿಯನ್ನೂ ಯೋಜನೆಯೇ ಭರಿಸಬೇಕು. ಉಪವಿಭಾಗ ಕೇಂದ್ರವಾದ ಮಧುಗಿರಿಯ ಆಸ್ಪತ್ರೆಯನ್ನು 1996ರ ತೀರ್ಪಿನ ಆಶಯದಂತೆ ತಾಲ್ಲೂಕಿಗಿಂತ ಒಂದು ಮೆಟ್ಟಿಲು ಮೇಲೆ ಏರಿಸಬೇಕು. ಈ ಲೆಕ್ಕ ಪ್ರತಿ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಇದ್ದರೆ ಗ್ರಾಮಸಭೆಯಲ್ಲಿ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ಪಾವಗಡದ ಕುಟುಂಬದ ಕಾರ್ಡಿಗೂ ಬೆಂಗಳೂರಿನ ಕುಟುಂಬದ ಕಾರ್ಡಿಗೂ 5 ಲಕ್ಷದ ಮಿತಿ ಒಂದೇ. ದೂರದ ಮಿತಿ ಮಾತ್ರ ಯಾವ ಕಾರ್ಡಿನ ಮೇಲೂ ಇಲ್ಲ. ಅದನ್ನು ಮುದ್ರಿಸುವವರೆಗೆ ಈ ಯೋಜನೆಯ ಮಾತು ಅರ್ಧವೇ.